ಊದುವ ಬೆಂಚಿನ ತುರ್ತು ಸ್ಥಳಾಂತರ ಮತ್ತು ಚಪ್ಪಾಳೆಯ ಸದ್ಬಳಕೆ

ಕುಲುಮೆ, ಒಡಕು ಮತ್ತು ಆಸನ ಇಲಾಖೆ
ಕ್ರಮಾಂಕ: ಕುಒಆ/ಬೆಂಚು/ಅತಿ ತುರ್ತು/ನಿಧಾನ

ಸುತ್ತೋಲೆ

ವಿಷಯ: ಗಾಜು ಕಲಾವಿದರ ಸಮಾವೇಶದಲ್ಲಿ ಸನ್ಮಾನ್ಯ ನಿರ್ದೇಶಕರು ಆಸೀನರಾಗಿದ್ದ ಬೆಂಚನ್ನು ಅವರ ಕೊಠಡಿಗೆ ಸಕಲ ಗೌರವಗಳೊಂದಿಗೆ ಸ್ಥಳಾಂತರಿಸುವ ಬಗ್ಗೆ.

ಉಲ್ಲೇಖ: (ಅ) ನಿರ್ದೇಶಕರ ಮೌಖಿಕ ಆದೇಶ. (ಆ) ಅಧೀಕ್ಷಕರ ಅಕ್ಕನವರ ಮೌಖಿಕ ಆದೇಶ (ಕೈಯಲ್ಲಿ ಕಾದ ಇಕ್ಕಳ ಹಿಡಿದು ನೀಡಿದ್ದು).

ಪ್ರಸ್ತಾವನೆ:

ಗಾಜಿಗೆ ತಲೆಮಾರುಗಳಿಂದ ಹೆಸರಾದ ಈ ಪಟ್ಟಣದ ಹಳೆಯ ಕುಲುಮೆಮನೆಯಲ್ಲಿ ಗಾಜು ಕಲಾವಿದರ ಸಮಾವೇಶ ನಡೆಯುತ್ತಿರುವುದು ಸರಿಯಷ್ಟೆ. ಉದ್ಘಾಟನೆಗೆ ಆಗಮಿಸಿದ ನಿರ್ದೇಶಕರು ವೇದಿಕೆಯ ಕುರ್ಚಿಗಳತ್ತ ಕಣ್ಣೆತ್ತಿಯೂ ನೋಡದೆ, ಕುಲುಮೆಯ ಪಕ್ಕದಲ್ಲಿದ್ದ, ಎರಡು ಬದಿಗೂ ಉದ್ದನೆಯ ಕಬ್ಬಿಣದ ಕೈಗಳುಳ್ಳ ಬೆಂಚನ್ನು ಅಧ್ಯಕ್ಷ ಪೀಠವೆಂದು ಭಾವಿಸಿ ಅದರಲ್ಲಿ ಆಸೀನರಾದರು. ಸದರಿ ಬೆಂಚು ಪೀಠವಲ್ಲ. ಗಾಜು ಊದುವವರು ತಮ್ಮ ಕೊಳವೆಯನ್ನು ಆ ಎರಡು ಕೈಗಳ ಮೇಲೆ ಅಡ್ಡಲಾಗಿಟ್ಟು ಉರುಳಿಸುತ್ತ, ತುದಿಯ ಬಿಸಿ ಗಾಜಿಗೆ ರೂಪ ಕೊಡುವ ಜಾಗ ಅದು.

ಅದೇ ವೇಳೆಗೆ, ಈ ಸುತ್ತೋಲೆಯ ಕರಡು ಬರೆದ ಅಧೀಕ್ಷಕರ ಸ್ವಂತ ಅಕ್ಕನವರು ಕೊಳವೆಯ ತುದಿಯಲ್ಲಿ ಕೆಂಡದಂಥ ಗಾಜಿನ ಮುದ್ದೆ ಹೊತ್ತು ಬಂದು, "ಏಳಿ ಸಾರ್, ಏಳಿ! ಅದು ನನ್ನ ಜಾಗ!" ಎಂದು ಕೂಗಿದ್ದು ದಾಖಲಾಗಿದೆ. ನಿರ್ದೇಶಕರು ಇದನ್ನು ಸ್ವಾಗತ ಭಾಷಣವೆಂದು ಪರಿಗಣಿಸಿ, ಕೂತಲ್ಲಿಂದಲೇ ಉತ್ತರ ಭಾಷಣ ಆರಂಭಿಸಿದರು.

ದೊಡ್ಡವರು ಮಾತಾಡುವಾಗ ಕೈ ಆಡಿಸಬಾರದೆಂದು ಉಳಿದ ಕಲಾವಿದರೆಲ್ಲರೂ ಕೊಳವೆ ಉರುಳಿಸುವುದನ್ನು ನಿಲ್ಲಿಸಿದರು. ಉರುಳುವುದು ನಿಂತರೆ ಬಿಸಿ ಗಾಜು ಜೋತುಬಿದ್ದು ನೆಲ ಸೇರುತ್ತದೆ. ಸೇರಿತು. ಗಾಜು ಒಡೆದಾಗ ಮಾಡಿದವರ ಮನಸ್ಸು ಒಡೆಯದಿರಲೆಂದು ಎಲ್ಲರೂ ಚಪ್ಪಾಳೆ ತಟ್ಟುವುದು ಈ ಕಸುಬಿನವರ ವಾಡಿಕೆ. ತಟ್ಟಿದರು. ನಿರ್ದೇಶಕರು ಹುರುಪುಗೊಂಡು ಭಾಷಣ ಮುಂದುವರಿಸಿದರು. ಇನ್ನೊಂದು ಹೂಜಿ ಬಿತ್ತು, ಇನ್ನಷ್ಟು ಚಪ್ಪಾಳೆ. ಹೂದಾನಿಗಳು, ದೀಪದ ಬುರುಡೆಗಳು, ದೂರದೂರಿನ ವೃದ್ಧರೊಬ್ಬರು ತಮ್ಮ ಮೊಮ್ಮಗಳಿಗೆಂದು ಮಾಡುತ್ತಿದ್ದ ಬಾತುಕೋಳಿ, ಎಲ್ಲವೂ ಮುಗಿದು, ಒಡೆಯಲು ಏನೂ ಉಳಿಯದೆ ಚಪ್ಪಾಳೆ ನಿಂತ ಮೇಲೆಯೇ ಭಾಷಣವೂ ನಿಂತಿತು.

ತರುವಾಯ ನಿರ್ದೇಶಕರು ಕಣ್ಣೊರೆಸಿಕೊಂಡು, "ನನ್ನ ಸರ್ವಿಸಿನಲ್ಲೇ ಇಂಥ ಚಪ್ಪಾಳೆ ಕಂಡಿಲ್ಲ ಕಣ್ರೀ. ಎಲ್ಲಾ ಈ ಕುರ್ಚಿ ಮಹಿಮೆ. ನನ್ನ ರೂಮಿಗೆ ಹಾಕ್ಸಿ" ಎಂದು ಅಧೀಕ್ಷಕರಿಗೆ ಆದೇಶಿಸಿದರು.

ಇದನ್ನು ಕೇಳಿಸಿಕೊಂಡ ಅಕ್ಕನವರ ಹೇಳಿಕೆ ಕೆಳಕಂಡಂತಿದೆ: "ಅಪ್ಪ ಕೂತಿದ್ದ ಬೆಂಚು ಕಣೋ ಅದು. ಸಮಾರೋಪದ ದಿನ ದೊಡ್ಡ ಹೂಜಿ ನಾನು ಎಲ್ಲಿ ಕೂತು ಮಾಡ್ಲಿ, ನಿನ್ನ ತಲೆ ಮೇಲಾ? ಸಾಗಿಸೋ ಆರ್ಡರ್‌ಗೆ ನೀನೇನಾದ್ರೂ ಕೈ ಹಾಕಿದ್ಯೋ, ನಮ್ಮನೆ ಮೆಟ್ಲು ಹತ್ಬೇಡ."

ಸದರಿ ಬೆಂಚಿನ ಎಡಗೈಯಲ್ಲಿ ತಂದೆಯವರ ಕೊಳವೆ ಉರುಳಿ ಉರುಳಿ ಬಿದ್ದ ಒಂದು ಸಣ್ಣ ತಗ್ಗಿದೆ. ಅಧೀಕ್ಷಕರು ಚಿಕ್ಕವರಿದ್ದಾಗ ಅದರಲ್ಲಿ ಬೆರಳಿಟ್ಟುಕೊಂಡೇ ಅಕ್ಕನಿಂದ ಮಗ್ಗಿ ಕಲಿತಿರುತ್ತಾರೆ. ಈ ಅಂಶ ಕಡತಕ್ಕೆ ಅಪ್ರಸ್ತುತ. ಆದರೂ ಹೊಡೆದುಹಾಕಲು ಮನಸ್ಸು ಬಾರದ ಕಾರಣ ಉಳಿಸಿಕೊಳ್ಳಲಾಗಿದೆ.

ಅತ್ತ ನೌಕರಿ, ಇತ್ತ ಅಕ್ಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಸ್ಥಾಯಿ ಸೂಚನೆಯನ್ವಯ ಅಧೀಕ್ಷಕರು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದ್ದು, ಕೆಳಕಂಡಂತೆ ಕ್ರಮ ವಹಿಸಲು ಈ ಮೂಲಕ ಸೂಚಿಸಲಾಗಿದೆ.

೧. ಕೈಗಳಿರುವುದೆಲ್ಲ ಕುರ್ಚಿಯಲ್ಲ. ಗಣ್ಯರು ಯಾವುದೇ ವಸ್ತುವಿನ ಮೇಲೆ ಆಸೀನರಾಗುವ ಮೊದಲು ಅದರಿಂದ ಹೊಗೆ ಬರುತ್ತಿಲ್ಲವೆಂಬುದನ್ನೂ, ಆಸೀನರಾದ ಮೇಲೆ ತಮ್ಮಿಂದ ಹೊಗೆ ಬರುತ್ತಿಲ್ಲವೆಂಬುದನ್ನೂ ಖಾತ್ರಿಪಡಿಸಿಕೊಳ್ಳತಕ್ಕದ್ದು.

೨. ಭಾಷಣದ ಅವಧಿಯಲ್ಲಿ ಬಿಸಿ ಗಾಜು ಶಿಸ್ತಿನಿಂದ ವರ್ತಿಸತಕ್ಕದ್ದು. ಜೋತುಬೀಳಲು ಇಚ್ಛಿಸುವ ಗಾಜು ಪೂರ್ವಾನುಮತಿ ಪಡೆಯಬೇಕು. ತಣ್ಣಗಾದ ನಂತರ ಸಲ್ಲಿಸುವ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.

೩. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯು ಕುಂಬಾರರಿಗೆ ಮಾತ್ರ ಅನ್ವಯಿಸುತ್ತದೆ. ಗಾಜಿನವರಿಗೆ ದೊಣ್ಣೆಯ ಅಗತ್ಯವಿಲ್ಲ, ಭಾಷಣ ಸಾಕು.

೪. ಇನ್ನು ಮುಂದೆ ಚಪ್ಪಾಳೆಯನ್ನು ಎರಡು ವರ್ಗಗಳಾಗಿ ವಿಂಗಡಿಸಲಾಗಿದೆ: ಒಡಕಿನ ಚಪ್ಪಾಳೆ ಮತ್ತು ಮೆಚ್ಚುಗೆಯ ಚಪ್ಪಾಳೆ. ಒಡಕಿನ ಚಪ್ಪಾಳೆ ತಟ್ಟುವವರು ಗಣ್ಯರಿಗೆ ಬೆನ್ನು ಮಾಡಿ, ಚೂರುಗಳಿಗೆ ಮುಖ ಮಾಡಿ ತಟ್ಟತಕ್ಕದ್ದು. ಬಾತುಕೋಳಿ ಕಳೆದುಕೊಂಡ ವೃದ್ಧರಿಗೆ ಇಲಾಖೆಯ ಪರವಾಗಿ ಇನ್ನೊಂದು ಸುತ್ತು ಚಪ್ಪಾಳೆ ಮಂಜೂರಾಗಿದೆ. ಅವರು ಮುಖ್ಯದ್ವಾರಕ್ಕೆ ಬಂದು ಪಡೆದುಕೊಳ್ಳಬಹುದು.

೫. ಈ ಕಂಡಿಕೆಯು ಸಾಗಣೆಯಲ್ಲಿ ಒಡೆದಿದೆ. ಕಂಡಿಕೆ ೪ರಂತೆ ವರ್ತಿಸುವುದು.

೬. ನಿರ್ದೇಶಕರು ಯಾವುದೇ ಸುತ್ತೋಲೆಯ ವಿಷಯವನ್ನೂ ಸಹಿಯ ಜಾಗವನ್ನೂ ಮಾತ್ರ ಓದುವ ಸತ್ಸಂಪ್ರದಾಯ ಇರುವುದರಿಂದ, ನಡುವಿನ ಕಂಡಿಕೆಗಳಲ್ಲಿ ಸತ್ಯ ಬರೆಯಲು ಅವಕಾಶ ಕಲ್ಪಿಸಲಾಗಿದೆ. ಈ ಸೌಲಭ್ಯವನ್ನು ಯಾರೂ ದುರುಪಯೋಗಪಡಿಸಿಕೊಳ್ಳತಕ್ಕದ್ದಲ್ಲ.

೭. ಬೆಂಚನ್ನು ನಿರ್ದೇಶಕರ ಕೊಠಡಿಗೆ ಸ್ಥಳಾಂತರಿಸಲು ಈ ಮೂಲಕ ಆದೇಶಿಸಲಾಗಿದೆ. ಆದರೆ ಚಪ್ಪಾಳೆ ಬರುವುದು ಬರೀ ಬೆಂಚಿನಿಂದಲ್ಲ. ಬೆಂಚಿಗೆ ಕುಲುಮೆ ಬೇಕು, ಕುಲುಮೆಗೆ ಊದುವವರು ಬೇಕು. ಒಂದನ್ನು ಬಿಟ್ಟು ಒಂದನ್ನು ಸಾಗಿಸಿದಲ್ಲಿ ಮಹಿಮೆ ಕುಂದಿ ನಿರ್ದೇಶಕರ ಘನತೆಗೆ ಧಕ್ಕೆಯಾಗುವ ಸಂಭವವಿದೆ. ಆದ್ದರಿಂದ ಬೆಂಚು, ಕುಲುಮೆ ಮತ್ತು ಅಕ್ಕ ಇವುಗಳನ್ನು ಒಂದೇ ಘಟಕವೆಂದು ಘೋಷಿಸಿ, ಒಟ್ಟಾಗಿಯೇ ಮೇಲಂತಸ್ತಿಗೆ ಹೊರತಕ್ಕದ್ದು.

೮. ಉರಿಯುವ ಕುಲುಮೆಯನ್ನು ಹೊತ್ತು ಮೆಟ್ಟಿಲು ಹತ್ತುವುದು ನಿಯಮಬಾಹಿರ. ಕುಲುಮೆ ತಾನಾಗಿ ತಣ್ಣಗಾದ ಮರುಕ್ಷಣವೇ, ಒಂದಿಷ್ಟೂ ವಿಳಂಬವಿಲ್ಲದೆ, ಸ್ಥಳಾಂತರ ಕಾರ್ಯ ಆರಂಭಿಸತಕ್ಕದ್ದು. ವಿಳಂಬ ಕಂಡುಬಂದಲ್ಲಿ ಸಂಬಂಧಪಟ್ಟವರ ಮೇಲೆ ಕಠಿಣ ಕ್ರಮ ಜರುಗಿಸಲಾಗುವುದು.

೯. ಸದರಿ ಕುಲುಮೆ ಅಜ್ಜನ ಕಾಲದಿಂದ ಒಮ್ಮೆಯೂ ಆರಿಲ್ಲವೆಂಬುದನ್ನು ಮಾಹಿತಿಗಾಗಿ ಮಾತ್ರ ನಮೂದಿಸಲಾಗಿದೆ. ಅದು ಯಾವಾಗ ಆರುವುದೆಂದು ವಿಚಾರಿಸಲು ಯಾರೂ ಅಕ್ಕನವರ ಬಳಿ ಹೋಗತಕ್ಕದ್ದಲ್ಲ. ಹೋದವರ ಯೋಗಕ್ಷೇಮಕ್ಕೆ ಇಲಾಖೆ ಹೊಣೆಯಲ್ಲ.

೧೦. ಅಲ್ಲಿಯವರೆಗೆ ಬೆಂಚು ಇದ್ದಲ್ಲೇ ಇರತಕ್ಕದ್ದು. ಅದರ ಕಾವಲಿಗೆ ಅಕ್ಕನವರನ್ನು ನೇಮಿಸಲಾಗಿದೆ. ಕಾವಲು ಕಾಯುವಾಗ ಬೇಸರವಾದಲ್ಲಿ ಅವರು ಅದರ ಮೇಲೆ ಕೂತು ದೊಡ್ಡ ಹೂಜಿ ಮಾಡಿಕೊಳ್ಳಬಹುದು.

(ಓದಿ ಅಂಗೀಕರಿಸಲಾಗಿದೆ)
ಸಹಿ/-
ನಿರ್ದೇಶಕರು
("ಓದಿ" ಎಂಬುದು ಮೊದಲೇ ಅಚ್ಚಾಗಿದ್ದ ಪದ)

ಕರಡು ಬರೆದವರು: ಅಧೀಕ್ಷಕರು

ಪ್ರತಿಗಳು:

೧. ಸನ್ಮಾನ್ಯ ನಿರ್ದೇಶಕರಿಗೆ: ವಿಷಯ ಮತ್ತು ಸಹಿಯ ಜಾಗ ಮಾತ್ರ.
೨. ಸಮಾವೇಶದ ಎಲ್ಲ ಕಲಾವಿದರಿಗೆ: ಯಾರು ಭಾಷಣ ಮಾಡಿದರೂ ಉರುಳಿಸುತ್ತಲೇ ಇರಲು ಕೋರಿ.
೩. ಬಾತುಕೋಳಿಯ ವೃದ್ಧರಿಗೆ: ವಿಷಾದಪೂರ್ವಕವಾಗಿ.
೪. ಕುಲುಮೆಗೆ: ತಣ್ಣಗಾಗುವ ಬಗ್ಗೆ ಸೂಕ್ತ ಕ್ರಮಕ್ಕಾಗಿ. ಅವಸರವಿಲ್ಲ.
೫. ಅಕ್ಕನವರಿಗೆ: ಮನೆಯ ಮೆಟ್ಟಿಲು ಹತ್ತಬಹುದೇ ಎಂಬ ಬಗ್ಗೆ ಲಿಖಿತ ಸ್ಪಷ್ಟೀಕರಣ ಕೋರಿ.
೬. ಕಚೇರಿ ಪ್ರತಿ. (ಹಿಂಬದಿಯಲ್ಲಿ ಅಕ್ಕನವರ ಷರಾ, ಮಸಿ ಮೆತ್ತಿದ ಬೆರಳಚ್ಚಿನೊಂದಿಗೆ: "ಹತ್ತು ಮಾರಾಯ. ಊಟಕ್ಕೆ ಬಾ. ಬರುವಾಗ ಒಂದು ಕುರ್ಚಿ ತಾ, ಬೆಂಚಿನ ಮೇಲೆ ನಿನ್ನನ್ನೂ ಕೂರಿಸಲ್ಲ.")