ರೊಟ್ಟಿ ಬಡಿಯುವ ದೋಣಿ

ನಮ್ಮ ಮನೆಯವರಿಗೆ ಈಜು ಬರುತ್ತಿರಲಿಲ್ಲ. ಹಾಯಿದೋಣಿ ಮಾತ್ರ ಎರಡಿದ್ದವು!

"ಮೊದಲು ಈಜು ಕಲೀರಿ" ಎಂದು ಯಾರಾದರೂ ಹೇಳಿದರೆ, ಕನ್ನಡಕ ಮೇಲೇರಿಸಿ ಅವರನ್ನೇ ಕನಿಕರದಿಂದ ನೋಡುತ್ತಿದ್ದರು. "ಈಜು ಬರೋರಿಗೆ ದೋಣಿ ಯಾಕ ಬೇಕ್ರಿ?" ಇದಕ್ಕೆ ಏನು ಉತ್ತರ ಕೊಡುವುದು? ನಾನೂ ಬಹಳ ವರ್ಷ ಹುಡುಕಿದೆ.

ಅವರದು ನಾರಾಯಣಪುರದಲ್ಲಿ ಅಣೆಕಟ್ಟಿನ ನೀರಿನ ಮಟ್ಟ ನೋಡಿ ಬರೆಯುವ ಕೆಲಸ. ಕಾಲುವೆಗೆ ನೀರು ಬಿಟ್ಟ ಹೊಸತು. ಯಾರ ಹೊಲಕ್ಕೆ ನೀರು ಮುಟ್ಟಿತು, ಯಾರು ಜೋಳ ಬಿಟ್ಟು ಭತ್ತ ಹಚ್ಚಿದರು ಎಂದು ಊರೆಲ್ಲ ಕಾಲುವೆಯ ಕಡೆ ಮುಖ ಮಾಡಿದ್ದಾಗ, ಇವರೊಬ್ಬರು ಅದಕ್ಕೆ ಬೆನ್ನು ಹಾಕಿ ಹಿನ್ನೀರು ನೋಡುತ್ತ ನಿಂತಿದ್ದರು. ಕಾರಣ, ಸುರಪುರದ ಕಟಿಂಗ್ ಅಂಗಡಿಯ ಒಂದು ಕ್ಯಾಲೆಂಡರ್. ಅದರಲ್ಲಿ ಬಿಳಿ ಹಾಯಿಯ ದೋಣಿ. ದೋಣಿಯಲ್ಲೇ ಒಂದು ಕೋಣೆ. ಕೋಣೆಯ ಮುಂದೆ ಗಂಡಹೆಂಡಿರು ಕುಳಿತು ಚಹಾ ಕುಡಿಯುತ್ತಿದ್ದಾರೆ. ಅರ್ಧ ಕಟಿಂಗ್ ಆದ ತಲೆಯಲ್ಲೇ ಎದ್ದು ಹೋಗಿ ನೋಡಿದರಂತೆ!

ಅಂದಿನಿಂದ ಒಂದೇ ಮಾತು. "ನೀನೂ ನಾನೂ ಹಿನ್ನೀರಾಗ ಸಂಗಮದ ತನಕ ಹೋಗಿ ಬರೂಣು. ಎರಡು ದಿನ ದೋಣ್ಯಾಗ ಉಣ್ಣೂದು, ದೋಣ್ಯಾಗ ಮಲಗೂದು."

"ಸಂಗಮಕ್ಕ ಬಸ್ ಅದಾವಲ್ಲರಿ?"

"ಬಸ್ಸಿನ್ಯಾಗ ಚಹಾ ಕಾಸಾಕ ಬರತೈತೇನು?"

ಮೊದಲ ದೋಣಿ ಮೀನುಗಾರರು ಬಿಟ್ಟುಕೊಟ್ಟ ಮರದ ದೋಣಿ. ಅಗಲ, ಭಾರ, ನಿಧಾನ. ಅದಕ್ಕೆ ಹಾಯಿ ಯಾವುದು ಅನ್ನುತ್ತೀರಿ? ನನ್ನ ತವರಿನವರು ಮದುವೆಗೆ ಕೊಟ್ಟ ಪಟ್ಟೆಪಟ್ಟೆಯ ಜಮಖಾನ! ಮೊದಲ ದಿನವೇ ಗಾಳಿ ಆ ಜಮಖಾನವನ್ನು ತನಗೆ ಬೇಕಾದ ಕಡೆ ಎಳೆದುಕೊಂಡು ಹೋಗಿ ಆಚೆ ದಂಡೆಗೆ ಬಿಟ್ಟಿತು. ಸಂಜೆ ಯಜಮಾನರು ಜಮಖಾನ ಹೆಗಲ ಮೇಲೆ ಹಾಕಿಕೊಂಡು ಬಸ್ಸಿಳಿದರು. "ಹೋಗಾಕ ಹಾಯಿ, ಬರಾಕ ಬಸ್ಸು. ಎರಡೂ ಅನುಕೂಲ ಐತಿ" ಎಂದರು. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ.

ನಾನು ಹತ್ತಲಿಲ್ಲ. ನೀರೆಂದರೆ ನನಗೆ ಭಯ. ಅದನ್ನು ಒಪ್ಪಿಕೊಳ್ಳಲು ಮನಸ್ಸು ಬಾರದೆ, ಆಗದ ಕರಾರೊಂದನ್ನು ಒಡ್ಡಿದೆ. "ಎರಡು ದಿನ ಅಂದ್ರ ರೊಟ್ಟಿ ಬೇಕು. ಕುಂತು ರೊಟ್ಟಿ ಬಡಿಯಾಕ ಬರೋ ದೋಣಿ ಮಾಡ್ರಿ, ಹತ್ತತೀನಿ."

ಜೋಳದ ರೊಟ್ಟಿ ಬಡಿಯುವ ಕೈಯ ರಭಸಕ್ಕೆ ನಮ್ಮ ಕ್ವಾರ್ಟರ್ಸಿನ ಕಪಾಟಿನ ಲೋಟಗಳೇ ಕುಣಿಯುತ್ತಿದ್ದವು. ಇನ್ನು ದೋಣಿಯ ಗತಿ? ಇಲ್ಲಿಗೆ ಪೀಡೆ ಕಳೆಯಿತು ಎಂದುಕೊಂಡೆ. ಅವರು ಮರುದಿನವೇ ಹಿಟ್ಟು, ಹಲಗೆ, ಸ್ಟೋವ್ ದೋಣಿಗೆ ಹೊತ್ತುಕೊಂಡು ಹೋಗಿ ತಾವೇ ಬಡಿದು ನೋಡಿದರು. ತಂದ ರೊಟ್ಟಿಗೆ ಐದು ಮೂಲೆಗಳಿದ್ದವು. ಪಕ್ಕದ ಮನೆಯ ಅಕ್ಕ ಅದನ್ನು ಎತ್ತಿ ಹಿಡಿದು, "ಯಪ್ಪಾ, ಇದು ರೊಟ್ಟಿನೋ, ನಿಮ್ಮ ಹಿನ್ನೀರಿನ ನಕಾಶಿನೋ?" ಎಂದರು.

ಎರಡನೆಯ ದೋಣಿ ಹುಟ್ಟಿದ್ದು ಶಹಾಪುರದಲ್ಲಿ, ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡರ್ ಭಾಯಿಯ ಶೆಡ್ಡಿನಲ್ಲಿ. ತಗಡಿನ ಮೈ, ಎರಡೂ ಪಕ್ಕಕ್ಕೆ ಬ್ಯಾರಲ್ಲು, ಲಾರಿಗೆ ಹೊದಿಸುವ ತಾಡಪತ್ರಿಯ ಹಾಯಿ, ನಡುವೆ ಗೂಡಿನಂಥ ಕೋಣೆ. ಭಾಯಿ ಕೈಯ ರೂಢಿಯಂತೆ ಹಿಂದೆ 'ಹಾರ್ನ್ ಮಾಡಿ' ಎಂದು ಬರೆದೂ ಬಿಟ್ಟಿದ್ದರು! ಆ ನೀರಿನಲ್ಲಿ ಹಾರ್ನ್ ಮಾಡುವವರು ಯಾರು, ಮೊಸಳೆಯೇ?

ಅಕ್ಕ ಎರಡಕ್ಕೂ ಹೆಸರಿಟ್ಟರು: ಮರದ್ದು ದೊಡ್ಡಾಕಿ, ತಗಡಿನದು ಸಣ್ಣಾಕಿ. ಆಮೇಲೆ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಯಜಮಾನರಿಂದ ಇಬ್ಬರ ಹೋಲಿಕೆಯೂ ಸಿಗತೊಡಗಿತು. ದೊಡ್ಡಾಕಿ ಸೋರುತ್ತಾಳೆ, ಸಿಟ್ಟಾಗುವುದಿಲ್ಲ. ಸಣ್ಣಾಕಿ ಗಾಳಿ ಸೋಕಿದರೆ ಓಡುತ್ತಾಳೆ, ಬಿಸಿಲಿಗೆ ಕಾದು ಸುಡುತ್ತಾಳೆ. ದೊಡ್ಡಾಕಿ ಮಾತು ಕೇಳುವುದಿಲ್ಲ, ಸಣ್ಣಾಕಿ ಮಾತಿಗೆ ಮೊದಲೇ ತಿರುಗುತ್ತಾಳೆ. ಅರ್ಜಿ ಹಿಡಿದು ಬಂದ ರೈತರೂ ಕುಳಿತು ಕೇಳಬೇಕು! "ಹಂಗಾರ ಯಾರು ಚಲೋರಿ ಸಾಹೇಬ್ರ?" ಎಂದು ಅವರು ಕೇಳಿದರೆ, ಯಜಮಾನರು ಅಡುಗೆಮನೆಯ ಕಡೆ ಕೈ ತೋರಿಸಿ, "ಅದನ್ನ ಆಕಿ ಹೇಳಬೇಕು. ಇನ್ನಾ ಹತ್ತಿಲ್ಲ" ಎನ್ನುತ್ತಿದ್ದರು.

ಸಣ್ಣಾಕಿಯ ಅಡುಗೆಯ ಮೂಲೆಯನ್ನು ದಂಡೆಯಿಂದಲೇ ಇಣುಕಿ ನೋಡಿ ನಾನು ನಕ್ಕಿದ್ದುಂಟು. ಸ್ಟೋವ್ ಎಡಕ್ಕೆ, ನೀರಿನ ಬಟ್ಟಲೂ ಎಡಕ್ಕೆ, ಹಿಟ್ಟಿನ ಡಬ್ಬಿ ಬಲಕ್ಕೆ, ನಡುವೆ ರೊಟ್ಟಿ ಬಡಿಯುವ ಹಲಗೆ. ಎಲ್ಲ ಅದಲುಬದಲು!

"ನಾ ಹೇಳ್ದೆ ಭಾಭಿ, ಉಲ್ಟಾ ಆಗೈತಿ ಅಂತ" ಎಂದರು ದೋಣಿ ಇಳಿಸಲು ಬಂದಿದ್ದ ಭಾಯಿ. "ನಿನಗ ಹೇಳಿದಷ್ಟ ವೆಲ್ಡ್ ಮಾಡಪಾ ಅಂದ್ರು."

"ಇಷ್ಟ್ ವರ್ಷ ಉಂಡೀರಿ, ನಾ ರೊಟ್ಟಿ ಮಾಡೋದು ಒಂದಿನಾನೂ ನೋಡಿಲ್ಲೇನ್ರಿ?" ಎಂದು ಯಜಮಾನರನ್ನು ಕೇಳಿದೆ.

"ನೋಡೀನಿ. ನೀ ಹತ್ತಿ ಕುಂದ್ರು, ಗೊತ್ತಾಗತೈತಿ."

ಹತ್ತಲಿಲ್ಲ. ಕೊನೆಗೆ ಸಂಕ್ರಾಂತಿಗೆ ಹೋಗೋಣ ಎಂದು ಒಪ್ಪಿದ್ದೆ. ದೀಪಾವಳಿ ಮುಗಿದ ವಾರ, ನೀರಿನ ಮಟ್ಟ ಬರೆದು ಬಂದು ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲೇ ಇಲ್ಲ.

ಕ್ವಾರ್ಟರ್ಸ್ ಬಿಡುವ ದಿನ ಹತ್ತಿರ ಬಂತು. ದೊಡ್ಡಾಕಿಯನ್ನು ಮೀನುಗಾರರು ಒಯ್ದರು. ಸಣ್ಣಾಕಿಯನ್ನು ಕತ್ತರಿಸಿ ಟ್ರೇಲರ್ ಮಾಡುತ್ತೇನೆಂದು ಭಾಯಿ ಸಾಮಾನು ಹಿಡಿದು ಬಂದರು. ಅಕ್ಕನೂ ನನ್ನ ಜೊತೆ ದಂಡೆಗೆ ಬಂದಿದ್ದರು. "ತಡೀರಿ ಭಾಯಿ, ಒಂದ್ಸಲ ಕುಂತು ನೋಡತೀನಿ" ಎಂದೆ. ಅಕ್ಕನ ಕೈ ಹಿಡಿದು, ಕಣ್ಣು ಮುಚ್ಚಿ ಹತ್ತಿದೆ. ಆ ಹಲಗೆಯ ಮುಂದೆ ಕುಳಿತೆ.

ನಾನು ಹುಟ್ಟಾ ಎಡಗೈಯವಳು. ಎಡಗೈಯಲ್ಲಿ ಬಡಿದ ರೊಟ್ಟಿ ಮನೆಗೆ ಒಳ್ಳೆಯದಲ್ಲ ಎಂದು ಅತ್ತೆಯವರು ಮದುವೆಯಾದ ವಾರದಲ್ಲೇ ಬಿಡಿಸಿದ್ದರು. ಅಂದಿನಿಂದ ಬಲಗೈಯಲ್ಲೇ ಬಡಿದೆ. ಆ ಮಾತನ್ನು ಯಜಮಾನರಿಗೆ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಈಗ ಎಡಗೈ ಚಾಚಿದರೆ ನೀರಿನ ಬಟ್ಟಲು. ಇನ್ನೊಂದು ಗೇಣು ಚಾಚಿದರೆ ಸ್ಟೋವ್. ಯಾವುದಕ್ಕೂ ಮೈ ತಿರುಗಿಸಬೇಕಾಗಲಿಲ್ಲ. ಡಬ್ಬಿಯಲ್ಲಿ ಹಿಟ್ಟೂ ಇತ್ತು. ಸಂಕ್ರಾಂತಿಗೆಂದು ತುಂಬಿಟ್ಟಿದ್ದರೇನೋ.

ಕಲಸಿದೆ. ಎಡಗೈಯಲ್ಲಿ ಬಡಿದೆ. ದೋಣಿ ಸ್ವಲ್ಪವೇ ತೂಗಿತು. ಅಷ್ಟು ವರ್ಷದ ಮೇಲೂ ರೊಟ್ಟಿ ದುಂಡಗೇ ಬಂತು. ದಂಡೆಯಲ್ಲಿ ಅಕ್ಕ ಸೆರಗು ಕಣ್ಣಿಗೆ ಒತ್ತಿಕೊಂಡರು.

ಸಣ್ಣಾಕಿ ಚಲೋರಿ, ಎಂದೆ. ಕೇಳಬೇಕಾದವರು ಅಲ್ಲಿರಲಿಲ್ಲ, ಆದರೂ ಹೇಳಿದೆ.

"ಭಾಯಿ, ಕತ್ತರಿಸೋದು ಬ್ಯಾಡ. ಹಾಯಿ ಏರಸಾಕ ಬರತೈತೇನು ನಿಮಗ? ಅಕ್ಕಾ, ನೀವೂ ಹತ್ರಿ. ಸಂಕ್ರಾಂತಿಗೆ ಸಂಗಮಕ್ಕ ಹೋಗೋದೈತಿ, ಇವತ್ತ ಸ್ವಲ್ಪ ರೂಢಿ ಮಾಡ್ಕೊಳೂಣು."

ಭಾಯಿ ಗಾಬರಿಯಾದರು. "ಭಾಭಿ, ನಿಮಗ ಈಜು ಬರತೈತೇನ್ರಿ?"

ಕನ್ನಡಕ ಮೇಲೇರಿಸಿ ಅವರನ್ನು ಕನಿಕರದಿಂದ ನೋಡಿದೆ.

"ಈಜು ಬರೋರಿಗೆ ದೋಣಿ ಯಾಕ ಬೇಕ್ರಿ?"