ದೋಹಾದಲ್ಲಿ ಕುಳಿತು ಆಫ್ರಿಕಾದ ಲಾರಿಯ ಟೈರು ಬಡಿದದ್ದು

ಹೆದರಿಕೆಯ ವಿಷಯದಲ್ಲಿ ನನಗೆ ತಿಳಿದದ್ದು ಒಂದೇ. ಸ್ಟೇರಿಂಗ್ ಹಿಡಿದವನಿಗೆ ಅದು ಇರುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಅವನ ಪಾಲಿನದ್ದೂ ಸೇರಿ ಇರುತ್ತದೆ. ಮೂವತ್ತೆರಡು ವರ್ಷ ಮಂಗಳೂರಿನಿಂದ ಹೆಂಚು ತುಂಬಿಕೊಂಡು ಶಿರಾಡಿ ಘಾಟಿ ಹತ್ತಿ ಇಳಿದವನು ನಾನು. ಒಂದು ದಿನವೂ ಹೆದರಿದ್ದಿಲ್ಲ. ನನ್ನ ಹೆಂಡತಿ ಒಂದೇ ಒಂದು ಸಲ ಲಾರಿಯಲ್ಲಿ ನನ್ನ ಜೊತೆ ಬಂದಿದ್ದಳು. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವಾಗ ತನ್ನ ಬದಿಯಲ್ಲಿ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತಿ ಒತ್ತಿ, ಕೆಳಗೆ ಬಂದ ಮೇಲೆ ಆ ಕಾಲನ್ನು ಊರಲಾಗದೆ ನನ್ನ ಹೆಗಲು ಹಿಡಿದು ಇಳಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಈಗ ಇಲ್ಲ. ಮೇಲಿನಿಂದ ನೋಡುತ್ತಿದ್ದರೆ ಈ ತಿಂಗಳಿಡೀ ನಗುವ ಸರದಿ ಅವಳದ್ದಾಗಿತ್ತು.

ಎರಡು ವರ್ಷದಿಂದ ನಾನು ದೋಹಾದ ಅಲ್ ಹಿಲಾಲ್‌ನಲ್ಲಿ ಮಗ ಪ್ರಸಾದನ ಮನೆಯಲ್ಲಿದ್ದೇನೆ. ಮೊಮ್ಮಗಳು ಅನ್ವಿತಾ ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಈಗ ಕೆಲಸಕ್ಕೂ ಸೇರಿದ್ದಾಳೆ. ಒಂದು ಶುಕ್ರವಾರ ಮಧ್ಯಾಹ್ನ, ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಾ, ತನಗೆ ಮೂರು ವಾರ ರಜೆ ಸಿಕ್ಕಿದೆ, ಆಫ್ರಿಕಾದ ದಕ್ಷಿಣದ ತುದಿಯಿಂದ ಹೊರಟು ನಮೀಬಿಯಾ, ಬೋಟ್ಸ್ವಾನಾ ದಾಟಿ ದೊಡ್ಡ ಜಲಪಾತದವರೆಗೆ ಲಾರಿಯಲ್ಲಿ ಹೋಗುತ್ತೇನೆ ಎಂದಳು.

“ಲಾರಿಯಲ್ಲಿಯಾ?” ಎಂದ ಪ್ರಸಾದ. “ವಿಮಾನಕ್ಕೆ ಎಂತ ಆಗಿದೆ?”

“ಪಪ್ಪಾ, ಅದು ಓವರ್‌ಲ್ಯಾಂಡ್ ಟ್ರಕ್. ಒಳಗೆ ಸೀಟ್ ಉಂಟು, ವಿಂಡೋ ಉಂಟು, ಕಿಚನ್ ಸಹ ಉಂಟು. ಎಷ್ಟೋ ಕಂಪನಿಗಳು ಮಾಡ್ತಾರೆ. ಯಾವುದು ಅಂತ ಚೂಸ್ ಮಾಡುದು ಮಾತ್ರ ಬಾಕಿ.”

“ಮಲಗುದು ಎಲ್ಲಿ?” ಎಂದು ಸೊಸೆ ವೀಣಾ ಕೇಳಿದಳು.

“ಟೆಂಟಲ್ಲಿ.”

“ಸಿಂಹ ಎಲ್ಲಿ ಮಲಗ್ತದೆ?”

“ಹೊರಗೆ, ಮಮ್ಮಿ.”

ವೀಣಾ ಊಟ ಬಿಟ್ಟು ಎದ್ದಳು. ಮಗಳಿಗೆ ಬೇಡ ಎನ್ನುವ ಧೈರ್ಯ ಪ್ರಸಾದನಿಗೆ ಯಾವತ್ತೂ ಇಲ್ಲ. ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, “ಅಜ್ಜ ಲಾರಿಯವರು. ಅವರು ಒಪ್ಪಿದ ಕಂಪನಿ ಆದ್ರೆ ಹೋಗು. ಒಪ್ಪದಿದ್ರೆ ಖಲಾಸ್,” ಎಂದ. ನಾನು ಯಾವುದನ್ನೂ ಒಪ್ಪಲಾರೆನೆಂದು ಅವನ ಲೆಕ್ಕಾಚಾರ.

ನನ್ನ ಸಂತೋಷವನ್ನು ಹೇಗೆ ಹೇಳಲಿ? ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಾಗದ ಬಂದರೆ ಓದಿ ಹೇಳಲು ಇನ್ನೊಬ್ಬರು ಬೇಕಿತ್ತು. ಈಗ ಅಷ್ಟು ಓದಿದ ಹುಡುಗಿ ಲ್ಯಾಪ್‌ಟಾಪನ್ನು ನನ್ನ ಮುಂದೆ ಇಟ್ಟು, “ಅಜ್ಜ, ನೀವೇ ಹೇಳಿ,” ಎಂದು ಕಾಯುತ್ತಾ ಕುಳಿತಿದ್ದಾಳೆ. ಕಿರಾಣಿ ಅಂಗಡಿಯ ಮಲಯಾಳಿಗೆ ಹೇಳಿದೆ. ಕಟ್ಟಡದ ಕಾವಲುಗಾರನಿಗೆ ಹೇಳಿದೆ. ಕ್ಷೌರದವನಿಗೆ ನನ್ನ ಹರಕು ಹಿಂದಿಯಲ್ಲಿ ಎರಡು ಸಲ ಹೇಳಿದೆ. ಅವನು ಮೀಸೆ ಸ್ವಲ್ಪ ಜಾಸ್ತಿಯೇ ತೆಗೆದ. ಆದರೆ ಮನೆಗೆ ಬಂದು ಕುಳಿತರೆ ಹೆದರಿಕೆಯಾಗುತ್ತಿತ್ತು. ಮಗುವನ್ನು ಕಳಿಸುವುದೋ ನಿಲ್ಲಿಸುವುದೋ, ಎರಡೂ ನನ್ನ ಒಂದು ಮಾತಿನ ಮೇಲೆ. ನಿಜ ಹೇಳುತ್ತೇನೆ, ಎಲ್ಲ ಕಂಪನಿಗಳೂ ನಪಾಸಾಗಲಿ ಎಂದುಕೊಂಡೇ ಕನ್ನಡಕ ಹಾಕಿಕೊಂಡೆ.

ಮೊದಲನೆಯ ಕಂಪನಿಯ ಚಿತ್ರದಲ್ಲಿ ಹುಡುಗ ಹುಡುಗಿಯರು ಲಾರಿಯ ತಲೆಯ ಮೇಲೆ ನಿಂತು ಕುಣಿಯುತ್ತಿದ್ದರು. ನಮ್ಮ ಕಡೆ ಹಾಗೆ ಕುಣಿಯುವುದು ಚುನಾವಣೆ ಗೆದ್ದಾಗ ಮಾತ್ರ, ಅದೂ ಲಾರಿ ನಿಧಾನ ಹೋಗುವಾಗ. ಬೇಡವೆಂದೆ. ಇನ್ನೊಂದರಲ್ಲಿ ಲಾರಿ ಓಡಿಸುವವನೂ, ಆನೆ ತೋರಿಸುವವನೂ, ಅನ್ನ ಬೇಯಿಸುವವನೂ ಒಬ್ಬನೇ. ಹಗಲಿಡೀ ಇಷ್ಟು ದುಡಿದವನು ಮರುದಿನ ಸ್ಟೇರಿಂಗ್ ಮೇಲೆ ತಲೆಯಿಟ್ಟರೆ ತಪ್ಪು ಅವನದಲ್ಲ; ಆದರೆ ಹಿಂದೆ ಕುಳಿತಿರುವುದು ನನ್ನ ಮೊಮ್ಮಗಳು. ಮೂರನೆಯವರು ಚಿರತೆ, ಸೂರ್ಯಾಸ್ತ, ಹಣ್ಣಿನ ತಟ್ಟೆ ಎಲ್ಲವನ್ನೂ ತೋರಿಸಿದ್ದರು, ಟೈರು ಒಂದನ್ನು ಬಿಟ್ಟು.

“ಅಜ್ಜ, ರಿವ್ಯೂ ನೋಡಿ. ಎಲ್ಲರೂ ಸೂಪರ್ ಅಂತ ಬರೆದಿದ್ದಾರೆ.”

“ಬರೆದವರೆಲ್ಲ ತಿರುಗಿ ಬಂದವರು ಮಗಾ. ಬಾರದವರು ಎಲ್ಲಿ ಕೂತು ಬರೀತಾರೆ?”

ಅನ್ವಿತಾಳ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ನಾನು ಪಕ್ಕದ ನಜ್ಮಾ ಬಡಾವಣೆಯ ಕೆಫೆಟೇರಿಯಾಕ್ಕೆ ನಡೆದೆ. ಅಲ್ಲಿ ನನ್ನ ಗೆಳೆಯ ಇಬ್ರಾಹಿಂ ಬ್ಯಾರಿ ಇರುತ್ತಾನೆ. ಬಂಟ್ವಾಳದವನು, ಇಲ್ಲಿ ನೀರಿನ ಟ್ಯಾಂಕರ್ ಓಡಿಸುವವನು. ಕರಕ್ ಚಹಾ ಕುಡಿಯುತ್ತಾ ಎಲ್ಲವನ್ನೂ ಹೇಳಿದೆ.

“ಸಿಂಹಕ್ಕೆ ಹೆದರ್ಬೇಡಿ ಶೆಟ್ರೆ,” ಎಂದ ಇಬ್ರಾಹಿಂ. “ಅದು ಒಂದು ಸಲ ತಿಂದ್ರೆ ಮುಗೀತು. ಮರಳಲ್ಲಿ ಟೈರು ಹೋದ್ರೆ ಗಂಟೆ ಗಂಟೆಗೂ ಸಾಯ್ಬೇಕು. ನೀವು ಫೋಟೋ ಎಂತ ನೋಡ್ತೀರಿ? ಟೈರು ಬಡಿದು ನೋಡಿ.”

“ಇಲ್ಲಿಂದಲಾ?”

“ಫೋನ್ ಇಲ್ವಾ ಮಾರಾಯ್ರೆ ನಿಮ್ಮ ಮೊಮ್ಮಗಳತ್ರ?”

ಟೈರು ಬಡಿಯುವುದೆಂದರೆ ನಮ್ಮಲ್ಲಿ ಸಂಧ್ಯಾವಂದನೆ ಇದ್ದ ಹಾಗೆ. ಹೊರಡುವ ಮೊದಲು ಡ್ರೈವರ್ ಕಬ್ಬಿಣದ ರಾಡಿನಿಂದ ಒಂದೊಂದೇ ಟೈರಿಗೆ ಹೊಡೆಯುತ್ತಾನೆ. ಗಾಳಿ ತುಂಬಿದ ಟೈರು ‘ಟಣ್’ ಎನ್ನುತ್ತದೆ, ರಾಡು ಪುಟಿದು ಬರುತ್ತದೆ. ಗಾಳಿ ಹೋದದ್ದು ‘ಡಬ್’ ಎನ್ನುತ್ತದೆ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದ್ದು ಕಣ್ಣಿಗೆ ಕಾಣದು, ಕಿವಿಯೇ ಗತಿ.

ಮರುದಿನ ಉಳಿದಿದ್ದ ಒಂದೇ ಒಂದು ಕಂಪನಿಗೆ ಅನ್ವಿತಾ ವಿಡಿಯೋ ಕಾಲ್ ಮಾಡಿದಳು. ಆಫೀಸಿನ ಹೆಂಗಸು ನಗುನಗುತ್ತಾ ಮಾತನಾಡಿದಳು. ಟೈರಿನ ವಿಷಯ ಬಂದಾಗ ನಗು ನಿಂತಿತು. ಅನ್ವಿತಾ ನಾಚಿಕೆಯಿಂದ ಕೆಂಪಾಗಿ ಮತ್ತೊಮ್ಮೆ ಕೇಳಿದಳು. ಕೊನೆಗೆ ಆ ಹೆಂಗಸು ಫೋನ್ ಹಿಡಿದುಕೊಂಡು ಅಂಗಳಕ್ಕೆ ನಡೆದು ಸೈಮನ್ ಎಂಬ ಡ್ರೈವರನ್ನು ಕರೆದಳು. ನರೆತ ತಲೆ, ಎಣ್ಣೆ ಹತ್ತಿದ ಅಂಗಿ. ಅವಳ ಮಾತು ಮುಗಿಯುವ ಮೊದಲೇ ಅವನು ಸೀಟಿನ ಹಿಂದಿನಿಂದ ರಾಡು ಎಳೆದ. ನನ್ನ ರಾಡೂ ಅಲ್ಲೇ ಇರುತ್ತಿತ್ತು.

ಮುಂದಿನವು ಎರಡು, ಟಣ್ ಟಣ್. ನಾನು ಫೋನಿಗೆ ಕಿವಿ ಒತ್ತಿದೆ. ಹಿಂದಿನ ಎಡಗಡೆಯವು ಎರಡು, ಟಣ್ ಟಣ್. ಬಲಗಡೆಯ ಹೊರಗಿನದ್ದೂ ಟಣ್. ಒಳಗಿನದ್ದು, ಡಬ್.

ಆ ಹೆಂಗಸು ಥಟ್ಟನೆ ಫೋನನ್ನು ತಿರುಗಿಸಿ ನಮಗೆ ಒಂದು ಹೂವಿನ ಮರ ತೋರಿಸಿದಳು. ಸೈಮನ್ ಅವಳ ಕೈಯಿಂದ ಫೋನ್ ತೆಗೆದುಕೊಂಡು, ಬಗ್ಗಿ, ಅದೇ ಟೈರಿನ ಹತ್ತಿರ ಹಿಡಿದು ಮತ್ತೊಮ್ಮೆ ಹೊಡೆದ. ಡಬ್. ಅವನು ತಲೆಯಾಡಿಸಿ ಏನೋ ಹೇಳಿದ.

“ಗಾಳಿ ಲೀಕ್ ಉಂಟಂತೆ ಅಜ್ಜ,” ಎಂದಳು ಅನ್ವಿತಾ, ಅಳುವ ದನಿಯಲ್ಲಿ. “ಬಿಚ್ಚಿ ಸರಿ ಮಾಡ್ತಾರಂತೆ. ನಾಳೆ ಪುನಃ ಫೋನ್ ಮಾಡಿ ಕೇಳ್ಬೇಕಂತೆ.”

“ಇದೇ ಕಂಪನಿ,” ಎಂದೆ.

ಪ್ರಸಾದ ಸೋಫಾದಿಂದ ಎದ್ದು ನಿಂತ. “ಅಪ್ಪ, ಟೈರು ಹಾಳಿದ್ದ ಕಂಪನಿಯಾ?”

“ಟೈರು ಎಲ್ಲ ಲಾರಿಯದ್ದೂ ಹಾಳಾಗ್ತದೆ ಮಗಾ. ಹಾಳಾದ್ದನ್ನು ಕರೆದು ತೋರಿಸುವ ಡ್ರೈವರ್ ಎಷ್ಟು ಜನ ಇದ್ದಾರೆ?”

ಮರುದಿನ ಫೋನ್ ಮಾಡಿದಾಗ ಆರೂ ಟೈರು ಟಣ್ ಎಂದವು. ಅನ್ವಿತಾ ನನ್ನ ಕುತ್ತಿಗೆಗೆ ಜೋತುಬಿದ್ದಳು. ನಾನು ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ ಅವಳು, “ಎರಡು ಸೀಟ್ ಹೇಳಿದ್ದೇನೆ ಅಜ್ಜ. ನೀವು ಸಹ ಬರ್ಬೇಕು,” ಎಂದಳು. ಅವರಲ್ಲಿ ವಯಸ್ಸಾದವರನ್ನೂ ಕರೆದುಕೊಂಡು ಹೋಗುತ್ತಾರಂತೆ. ಬೇಕಾದವರಿಗೆ ಟೆಂಟಿನ ಬದಲು ಕೋಣೆಯೂ ಇದೆಯಂತೆ. ಎಪ್ಪತ್ತು ದಾಟಿದವರು ಡಾಕ್ಟರ ಚೀಟಿ ತಂದರೆ ಆಯಿತಂತೆ.

ನನಗೆ ಎಪ್ಪತ್ತೊಂದು. ಬಾಯಿಗೆ ಬಂದ ಮೊದಲ ಪ್ರಶ್ನೆ, “ನಾನು ಕೂತುಕೊಳ್ಳುದು ಎಲ್ಲಿ?”

“ಹಿಂದೆ, ನಮ್ಮ ಒಟ್ಟಿಗೆ.”

ಲಾರಿಯ ಹಿಂದೆ. ಮೂವತ್ತೆರಡು ವರ್ಷದಲ್ಲಿ ನಾನು ಅಲ್ಲಿ ಹೆಂಚನ್ನು ಮಾತ್ರ ಕೂರಿಸಿದ್ದೆ. ಸಂತೋಷಕ್ಕೆ ಎದೆ ಉಕ್ಕಿ ಬರುತ್ತಿತ್ತು, ಆದರೆ ಮೇಜಿನ ಕೆಳಗೆ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತತೊಡಗಿತ್ತು.

ಮೊನ್ನೆ ಅಲ್ ಮುಂತಜಾದ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ನಮ್ಮ ಉಡುಪಿ ಕಡೆಯವರೇ. ಅಂಗಿ ತೆಗೆಸಿ, ನನ್ನ ಬೆನ್ನ ಮೇಲೆ ಎಡಗೈ ಇಟ್ಟು, ಬಲಗೈಯ ಬೆರಳಿನಿಂದ ಅದರ ಮೇಲೆ ಬಡಿಯತೊಡಗಿದರು. ಒಂದೊಂದೇ ಜಾಗ, ಮೇಲಿನಿಂದ ಕೆಳಗೆ, ಕಿವಿಯೆಲ್ಲ ಅಲ್ಲಿಯೇ ಇಟ್ಟು. ತಿಂಗಳ ಹಿಂದೆ ಮೊಮ್ಮಗಳು ಹೋಗಿಬಿಟ್ಟರೆ ಎಂದು ಹೆದರಿ ಕುಳಿತವನು, ಈಗ ನನ್ನನ್ನೇ ನಿಲ್ಲಿಸಿಬಿಟ್ಟರೆ ಎಂದು ಉಸಿರು ಹಿಡಿದಿದ್ದೆ. ಬಲಗಡೆ ಕೆಳಗೆ ಬಂದಾಗ ಅವರ ಬೆರಳು ನಿಂತಿತು. ಮತ್ತೊಮ್ಮೆ ಬಡಿದು, ಅಲ್ಲಿಯೇ ಸ್ಟೆತೊಸ್ಕೋಪಿನ ಕೊಳವೆಯನ್ನೂ ಇಟ್ಟು ಕೇಳಿದರು.

“ಅಜ್ಜ, ಬೀಡಿ ಉಂಟಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಮನೆಯಲ್ಲಿ ಎಲ್ಲರೂ ನಾನು ಬಿಟ್ಟಿದ್ದೇನೆಂದೇ ತಿಳಿದಿದ್ದಾರೆ. ಆಗ ಸೈಮನ್ ಬಗ್ಗಿ ಫೋನ್ ಹಿಡಿದದ್ದು ಕಣ್ಣ ಮುಂದೆ ಬಂತು.

“ಉಂಟು,” ಎಂದೆ. “ದಿನಕ್ಕೆ ಎರಡು. ನಜ್ಮಾದಲ್ಲಿ, ಇಬ್ರಾಹಿಮನ ಒಟ್ಟಿಗೆ.”

ಹಿಂದೆ ಅನ್ವಿತಾ ಕುಳಿತ ಕುರ್ಚಿ ಕಿರುಗುಟ್ಟಿತು. ಡಾಕ್ಟರಮ್ಮ ಕೊಳವೆಯನ್ನು ಕುತ್ತಿಗೆಗೆ ಹಾಕಿಕೊಂಡರು. “ದೊಡ್ಡದೇನೂ ಇಲ್ಲ. ಮಾತ್ರೆ ಕೊಡ್ತೇನೆ. ಬೀಡಿ ನಿಲ್ಲಿಸಿ. ಎರಡು ವಾರ ಬಿಟ್ಟು ಬನ್ನಿ, ಪುನಃ ಬಡಿದು ನೋಡಿ ಚೀಟಿ ಬರೀತೇನೆ.”

ಹೀಗೆ ಕಂಪನಿ ಪಾಸಾಯಿತು, ಡ್ರೈವರ್ ಪಾಸಾದ, ಆರೂ ಟೈರು ಪಾಸಾದವು. ಇಡೀ ಪ್ರಯಾಣದಲ್ಲಿ ಅನುಮಾನ ಉಳಿದಿರುವುದು ನನ್ನ ಮೇಲೆ ಮಾತ್ರ. ಈಗ ದಿನಾ ಬೆಳಿಗ್ಗೆ ಅನ್ವಿತಾ ಆಫೀಸಿಗೆ ಹೊರಡುವ ಮೊದಲು ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಬೆನ್ನಿಗೆ ಬೆರಳಿನಿಂದ ಬಡಿದು ಕಿವಿಯಿಟ್ಟು ಕೇಳುತ್ತಾಳೆ. ನಾನು ಎದೆ ಉಬ್ಬಿಸಿ, ಉಸಿರು ತುಂಬಿಕೊಂಡು, ಆದಷ್ಟು ಟಣ್ ಎನ್ನಲು ನೋಡುತ್ತೇನೆ.