ಮಗಳ ಮುಖಕ್ಕೆ ಮಾಡಿದ ಟಚಪ್

ಮುಖ ದೇವರು ಕೊಟ್ಟದ್ದು ಎಂದು ಎಲ್ಲರೂ ಹೇಳುತ್ತಾರೆ. ಕೊಟ್ಟದ್ದನ್ನು ಕೊಟ್ಟ ಹಾಗೇ ಒಪ್ಪಿಕೊಂಡವರನ್ನು ಮಾತ್ರ ನಾನು ಕಂಡಿಲ್ಲ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಗೋಡೆಗೆ ಸುಣ್ಣ ಬಳಿದು, ಬೋರ್ಡು ಬರೆದು, ಈಗ ಕೆ.ಆರ್. ಪುರದಲ್ಲಿ ಸ್ವಂತ ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟಿರುವ ನನಗೆ ಇದು ಚೆನ್ನಾಗಿ ಗೊತ್ತು. ನಮ್ಮ ಕಡೆ ಒಬ್ಬನ ಹುಟ್ಟುಹಬ್ಬ ಬಂತೆಂದರೆ ಅವನ ಮುಖ ಸರ್ಕಲ್ಲಿನಲ್ಲಿ ನೇತಾಡಲೇಬೇಕು. ಬ್ಯಾನರ್ ಹಾಕಬಾರದೆಂದು ಕಟ್ಟುನಿಟ್ಟಾದಾಗಲಂತೂ ಆರ್ಡರು ಇನ್ನೂ ಜಾಸ್ತಿ. ವಾರ್ಡಿನ ಮುಖಂಡರಿಂದ ನೀರಿನ ಟ್ಯಾಂಕರ್ ಓಡಿಸುವವರವರೆಗೆ ಎಲ್ಲರೂ ನನ್ನ ಕಂಪ್ಯೂಟರಿನೊಳಗೆ ಕಪ್ಪಗೆ ಹೋಗಿ ಬೆಳ್ಳಗೆ ಬಂದವರೇ. ಬೋಳು ತಲೆಗೆ ಕೂದಲು ನೆಟ್ಟಿದ್ದೇನೆ, ಜೋತ ಗಲ್ಲ ಎತ್ತಿದ್ದೇನೆ. ಇದು ನಾನಲ್ಲ ಎಂದು ಒಬ್ಬರೂ ವಾಪಸ್ ತಂದಿಲ್ಲ.

ಇಂಥವನ ಮನೆಯಲ್ಲೇ ಮುಖದ ರಗಳೆ ಶುರುವಾಯಿತು. ಪಿಯುಸಿ ಓದುವ ಮಗಳು ಚೈತ್ರ ಫೋನಿನಲ್ಲಿ ತನ್ನದೊಂದು ಫೋಟೊ ಹಾಕಿದಳು. ಕ್ಲಾಸಿನ ಯಾರೋ ಅದರ ಕೆಳಗೆ, ಲೈಟ್ ಹಾಕಮ್ಮಾ ಕಾಣಿಸ್ತಿಲ್ಲ ಎಂದು ಬರೆದರು. ಅಷ್ಟೇ. ಇದ್ದಬದ್ದ ಫೋಟೊ ಅಳಿಸಿ, ತನ್ನ ಮುಖ ಇರಬೇಕಾದ ಕಡೆ ಬೆಕ್ಕಿನ ಮುಖ ಇಟ್ಟಳು. ಕಾಲೇಜಿಗೆ ಮಾಸ್ಕ್ ಹಾಕಿಕೊಂಡು ಹೋದಳು. ಚಿಕ್ಕಪ್ಪನ ಮಗಳ ಮದುವೆಗೆ ಬರಲೇ ಇಲ್ಲ.

ನನ್ನ ಹೆಂಡತಿ ಸರೋಜ ಟೊಂಕ ಕಟ್ಟಿ ನಿಂತಳು. ಕಾಲೇಜಿನಲ್ಲಿ ತಾಯಂದಿರನ್ನು ಕೂರಿಸಿ ಯಾರೋ ಮೇಡಂ ಹೆಣ್ಣುಮಕ್ಕಳ ಆತ್ಮವಿಶ್ವಾಸದ ಬಗ್ಗೆ ಮಾತಾಡಿದ್ದರಂತೆ. ಆಮೇಲೆ ಅದೇ ತಾಯಂದಿರ ಗುಂಪು ನಮ್ಮ ತಾರಸಿಯ ಮೇಲೆ ಸೇರತೊಡಗಿತು. ಮಕ್ಕಳ ಬಣ್ಣ, ತೂಕ ಎತ್ತಿ ಆಡಬಾರದೆಂದು ತೀರ್ಮಾನವಾಗುತ್ತಿತ್ತು. ಮೆಟ್ಟಿಲಿಳಿಯುವಾಗ ಅದೇ ಹೆಂಗಸರು, ಯಾಕ್ರೀ ಇಷ್ಟು ಊದ್ಕೊಂಡಿದ್ದೀರಿ ಎಂದು ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದರು. ಬಿಸಿಲಿಗೆ ಹೋಗಬೇಡ ಕಪ್ಪಾಗ್ತೀಯ ಎನ್ನುವ ಮಾತು ನಮ್ಮ ಮನೆಯಲ್ಲಿ ಬಂದ್ ಆಯಿತು. ಬಚ್ಚಲುಮನೆಯ ಕಡಲೆಹಿಟ್ಟು ಬಜ್ಜಿಗೆ ಹೋಯಿತು. ಇದೆಲ್ಲ ಕೆಲಸವಿಲ್ಲದವರ ಕೆಲಸ ಎಂದು ನಾನು ನಗುತ್ತಿದ್ದೆ. ಆದರೆ ಹುಡುಗಿಯ ಮಾಸ್ಕ್ ಕಳಚಿತು. ಅವಳು ಬಟ್ಟೆ ಒಣಹಾಕುವಾಗ ಸರೋಜ ತೆಗೆದ ಫೋಟೊವನ್ನು ಒಂದು ದಿನ ಹಾಗೇ, ಏನೂ ತಿದ್ದದೆ, ತಾನೇ ಹಾಕಿದಳು. ಅವತ್ತು ಮನೆಯಲ್ಲಿ ಪಾಯಸ.

ಇದರಲ್ಲಿ ಅಪ್ಪನ ಪಾಲೂ ಇರಲಿ ಅನ್ನಿಸಿತು. ಅವಳ ಹುಟ್ಟುಹಬ್ಬ ಬಂತು. ಕಂಡಕಂಡವರಿಗೆ ಬ್ಯಾನರ್ ಮಾಡುವವನು ಸ್ವಂತ ಮಗಳಿಗೆ ಮಾಡದಿದ್ದರೆ ಹೇಗೆ? ಅದೇ ಫೋಟೊ ತೆಗೆದುಕೊಂಡು, ಕೆಲಸದವರಿಗೆ ಬಿಡದೆ ನಾನೇ ಕೂತು ಮಾಡಿ, ತಾರಸಿಯಿಂದ ರಸ್ತೆಗೆ ಕಾಣುವ ಹಾಗೆ ಇಳಿಬಿಟ್ಟೆ. ತಾಯಿ ಮಗಳು ಕೆಳಗೆ ನಿಂತು ನೋಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಅಪ್ಪಾ, ಫೋಟೊ ಅಮ್ಮ ತೆಗೆದಿದ್ದೇ. ಮುಖ ಯಾರದು?"

ಆಗ ನಾನೂ ನೋಡಿದೆ. ಬಣ್ಣ ಹಾಲಿಗೆ ಹತ್ತಿರವಾಗಿತ್ತು. ಮೂಗು ಸಣ್ಣಗಾಗಿತ್ತು. ನಮ್ಮಮ್ಮನಿಂದ ಬಂದ ಗಲ್ಲದ ಮಚ್ಚೆ ಮಾಯವಾಗಿತ್ತು. ನಂಬಿ, ಬೇಕೆಂದು ಮಾಡಿದ್ದಲ್ಲ; ಮುಖ ಕಂಡರೆ ನನ್ನ ಕೈ ತಾನಾಗೇ ಓಡುತ್ತದೆ. ಎಲ್ಲರಿಗೂ ಮಾಡೋ ಹಾಗೇ ಸ್ವಲ್ಪ ಫಿನಿಶಿಂಗ್ ಕೊಟ್ಟೆ ಕಣಮ್ಮಾ ಎಂದೆ.

"ನಾನು ಇರೋ ಥರ ಇದ್ರೆ ನಿನ್ ಅಂಗ್ಡೀಲೂ ನಡಿಯಲ್ವಾ?"

ಬ್ಯಾನರ್ ಬಿಚ್ಚಲು ಏಣಿ ತಂದೆ. ಇರಲಿ ಬಿಚ್ಬೇಡ ಎಂದಳು ಮಗಳು. ಕಣ್ಣೊರೆಸಿಕೊಂಡು, ಬ್ಯಾನರಿನ ಕೆಳಗೆ ಅದೇ ಭಂಗಿಯಲ್ಲಿ ನಿಂತು, ಅಮ್ಮನಿಂದ ಫೋಟೊ ತೆಗೆಸಿ, ಬರೆದು ಹಾಕಿದಳು: "ಮೇಲಿರೋಳು ಅಪ್ಪನ ಮಗಳು. ಕೆಳಗಿರೋಳು ನಾನು."

ಸಂಜೆಯೊಳಗೆ ಪಕ್ಕದ ಹೊರಮಾವಿನವರೆಗೂ ನಗು ಹಬ್ಬಿತು. ಆದರೆ ಅವಳ ಮುಖ ನೋಡಿ ಒಬ್ಬರೂ ನಗಲಿಲ್ಲ. ಫೋಟೊದ ಕೆಳಗೆ ಜನ ಬರೆದದ್ದನ್ನು ಅವಳು ಒಂದೊಂದೇ ಓದಿ ಹೇಳುತ್ತ ಎರಡು ಚಪಾತಿ ಜಾಸ್ತಿ ತಿಂದಳು. ತಾಯಂದಿರ ಗುಂಪು ಇದು ತಮ್ಮ ಗೆಲುವೆಂದು ಬೀಗಿತು.

ನಕ್ಕಿದ್ದೆಲ್ಲ ನನ್ನ ಕಡೆಗೆ. ಅಂಕಲ್ ಕಣ್ಣು ಟೆಸ್ಟ್ ಮಾಡಿಸಲಿ ಎಂದು ಒಬ್ಬರು, ಅಂಗಡಿ ಮುಚ್ಚಿ ಬ್ಯೂಟಿ ಪಾರ್ಲರ್ ಇಡಲಿ ಎಂದು ಇನ್ನೊಬ್ಬರು. ಮಾರನೆಯ ದಿನ ಶಟರ್ ಅರ್ಧ ಎಳೆದುಕೊಂಡು ಅವನ್ನೇ ತಿರುತಿರುಗಿ ಓದಿದೆ. ಮನೆಗೆ ಬಂದರೆ ಊಟ ಸೇರಲಿಲ್ಲ. ಸರೋಜ ಪಕ್ಕದಲ್ಲಿ ಕೂತು ಮೆತ್ತಗೆ, "ಜನ ಏನೋ ಅಂತಾರೆ, ಮನಸ್ಸಿಗೆ ಹಚ್ಕೋಬೇಡಿ ರೀ. ನೀವು ಹೆಂಗಿದ್ದೀರೋ ಹಂಗೇ ಚೆನ್ನಾಗಿದ್ದೀರಿ" ಎಂದಳು.

ಸರಿಯಾಗಿ ಕೇಳಿಸಲಿಲ್ಲವೆಂದು ಸುಳ್ಳು ಹೇಳಿ, ಇನ್ನೊಂದು ಸಲ ಹೇಳಿಸಿಕೊಂಡೆ.